ಚೆಂಡನ್ನು ಕೈಯಲ್ಲಿ ಮುಟ್ಟದೆ ಮೊಳಕಾಲ್ಮೂರಿಗೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಟಿಕೆಟ್ಟು ಹದಿನಾಲ್ಕು ರೂಪಾಯಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ನಿದ್ದೆಯೂ ಆಗುತ್ತದೆ. ನಾವು ಹನ್ನೆರಡು ಜನ ಅದೇ ದಾರಿಗೆ ಎರಡು ದಿನ ತೆಗೆದುಕೊಂಡೆವು. ಯಾಕೆಂದರೆ ನಾವು ಒಂದು ಫುಟ್‌ಬಾಲನ್ನು ಒದೆಯುತ್ತಾ ನಡೆದುಕೊಂಡು ಹೋದೆವು. ಇನ್ನೂ ಯಾರ ಜೇಬಿನಲ್ಲೂ ಫೋನು ಇಲ್ಲದ ಕಾಲ ಅದು. ಜನವರಿಯ ಒಂದು ಶನಿವಾರ ಬೆಳಿಗ್ಗೆ ಆರು ಗಂಟೆಗೆ, ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಗೇಟಿನ ಮುಂದೆ, ಹಿಂಡಿಯ ವಾಸನೆ ಕುಡಿದುಕೊಂಡು ಹೊರಟೆವು. ಬೀಳ್ಕೊಡಲು ಮಿಲ್ಲಿನ ವಾಚ್‌ಮನ್ನು ಮತ್ತು ಎರಡು ನಾಯಿ ಬಂದಿದ್ದವು. ನಾಯಿಗಳು ಗರಣಿ ಹಳ್ಳದವರೆಗೂ ಬಂದವು.

ತಂಡದಲ್ಲಿ ನಾನು ಗೋಲಿ, ಅಂದರೆ ಗೋಲು ಕಾಯುವವನು. ನಮ್ಮ ನಾಯಕ ರಫೀಕನಿಗೆ ಸಂತೆ ಬೀದಿಯಲ್ಲಿ ಸೈಕಲ್ ಶಾಪು. ಅವನು ನನ್ನನ್ನು ಮೈದಾನದ ಎಲ್ಲ ಜಾಗದಲ್ಲೂ ನಿಲ್ಲಿಸಿ ನೋಡಿ, ಕೊನೆಗೆ ಎಲ್ಲಿ ನಿಂತರೆ ನಮ್ಮವರ ಕಾಲಿಗೆ ಅಡ್ಡ ಬರುವುದಿಲ್ಲವೋ ಅಲ್ಲಿಗೆ ತಂದು ಹಾಕಿದ. ಮೂರು ವರ್ಷದಲ್ಲಿ ನಾನು ಹಿಡಿದ ಚೆಂಡುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಹೆಬ್ಬೆರಳು ಮಡಿಸಿಕೊಂಡು. ನಮ್ಮ ಗೋಲು ಕಂಬಕ್ಕೆ ಬಲೆ ಇರಲಿಲ್ಲ. ಹಾಗಾಗಿ ಪಂದ್ಯದ ಅರ್ಧ ಸಮಯ ನಾನು ಹಿಂದಿನ ಜಾಲಿ ಪೊದೆಯಲ್ಲಿ ಚೆಂಡು ಹುಡುಕುತ್ತಿರುತ್ತಿದ್ದೆ. ಆ ಹೊತ್ತಿನಲ್ಲಿ ಇನ್ನೊಂದು ಗೋಲಾಗುವಂತಿರಲಿಲ್ಲವಾದ್ದರಿಂದ, ಪೊದೆಯಲ್ಲಿದ್ದಾಗಲೇ ನಾನು ತಂಡಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದೆ.

ಈ ನಡಿಗೆ ಹುಟ್ಟಿದ್ದು ತಿಪ್ಪೇಶನ ಅವ್ವನಿಂದ. ತಿಪ್ಪೇಶ ನಮ್ಮ ತಂಡದಲ್ಲಿ ಗೋಲು ಹೊಡೆಯುವವನು, ಹಗಲು ಮಿಲ್ಲಿನಲ್ಲಿ ಮೂಟೆ ಹೊರುವವನು. ಅವನ ಅವ್ವನಿಗೆ ಗಂಟಲಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಆರು ವಾರ ದಿನಾ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕು, ಆದರೆ ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳುವುದಿಲ್ಲ. ಆಸ್ಪತ್ರೆ ಹಿಂದೆ ಕೆಲವು ಪುಣ್ಯಾತ್ಮರು ಸೇರಿ ಇಂಥ ರೋಗಿಗಳಿಗಾಗಿ ಒಂದು ಛತ್ರ ನಡೆಸುತ್ತಿದ್ದರು. ಊಟ ಪುಕ್ಕಟೆ, ಹಾಸಿಗೆ ಪುಕ್ಕಟೆ. ಆದರೆ ಹಾಸಿಗೆಗಿಂತ ಜನ ಹೆಚ್ಚಾಗಿ, ತಿಪ್ಪೇಶನ ಅವ್ವ ಇನ್ನೂ ಏಳೆಂಟು ಹೆಂಗಸರ ಜೊತೆ ಹೊರಗಿನ ಜಗುಲಿಯಲ್ಲಿ ಮಲಗುತ್ತಿದ್ದಳು. ಬೆಂಗಳೂರಿನ ಜನವರಿ ಚಳಿಯಲ್ಲಿ, ನುಂಗಲಾಗದ ಗಂಟಲಿಟ್ಟುಕೊಂಡು. ಛತ್ರದ ಪಕ್ಕದ ಮನೆ ಖಾಲಿಯಿತ್ತು. ಸೋಮವಾರದೊಳಗೆ ಮುಂಗಡ ಕೊಟ್ಟರೆ ಛತ್ರಕ್ಕೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮನೆಯ ಮಾಲೀಕರು ಹೇಳಿದ್ದರು.

ತಿಪ್ಪೇಶ ಮಿಲ್ಲಿನ ಶೆಟ್ಟರ ಮುಂದೆ ಹೋಗಿ ನಿಂತ. ಹಿಂದೆ ನಾವೂ ನಿಂತೆವು. ಭಾನುವಾರ ಮೊಳಕಾಲ್ಮೂರಿನ ತಂಡದ ಜೊತೆ ಪಂದ್ಯ ಇಟ್ಟುಕೊಂಡಿದ್ದೇವೆ, ಸಹಾಯಾರ್ಥ ಪಂದ್ಯ, ನೀವೂ ಏನಾದರೂ ಕೊಡಿ ಎಂದು ರಫೀಕ್ ಕೇಳಿದ.

“ನೀವು ಬಸ್ಸಲ್ಲಿ ಹೋಗಿ ಕುಣದು ಬಂದ್ರೆ ನಾನ್ಯಾಕಪ್ಪಾ ದುಡ್ಡು ಕೊಡ್ಲಿ?” ಎಂದರು ಶೆಟ್ಟರು. “ನಿಮ್ಮ ಆಟದಾಗೆ ಕಷ್ಟದ್ದು ಯಾವ್ದು?”

“ಕೈ ಮುಟ್ಟಂಗಿಲ್ಲ ಶೆಟ್ರೇ,” ಎಂದ ರಫೀಕ್.

“ಹಂಗಾದ್ರೆ ಇಲ್ಲಿಂದ ಮೊಳಕಾಲ್ಮೂರಿನ ತನಕ ಕಾಲಾಗೇ ತಗಂಡೋಗ್ರಿ. ದಾರಿಯಾಗೆ ಯಾರ ಕೈಯೂ ತಾಗಬಾರ್ದು. ತಾಗ್ಲಿಲ್ಲ ಅಂದ್ರೆ ಆ ಮನೆ ಮುಂಗಡ ಪೂರ್ತಿ ನಂದು.” ಆಮೇಲೆ ನನ್ನ ಕಡೆ ತಿರುಗಿ, “ಗೋಲಿಗೂ ರಿಯಾಯಿತಿ ಇಲ್ಲ ಮತ್ತೆ,” ಎಂದರು.

ಎಲ್ಲರೂ ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮೊದಲ ದಿನ ತಳಕಿನವರೆಗೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಇಬ್ಬಿಬ್ಬರು ಜೋಡಿಯಾಗಿ ಅರ್ಧ ಗಂಟೆ ಚೆಂಡು ತಳ್ಳುವುದು, ಉಳಿದವರು ರಸ್ತೆಯ ಎರಡೂ ಬದಿ ಬೇಲಿಯ ಹಾಗೆ ನಡೆಯುವುದು. ಎದುರು ಗಾಳಿ. ನನ್ನ ಸರದಿ ಬಂದಾಗಲೆಲ್ಲ ಚೆಂಡಿಗೆ ಊರು ನೋಡುವ ಆಸೆ ಬರುತ್ತಿತ್ತು. ಒಂದು ಸಲ ಹೊಲಕ್ಕೆ, ಒಂದು ಸಲ ಚರಂಡಿಗೆ, ಒಂದು ಸಲ ನಿಂತ ಎತ್ತಿನ ಗಾಡಿಯ ಕೆಳಗೆ. ಬೆನ್ನಿಗೆ ಕಟ್ಟಿಕೊಂಡ ಎಣ್ಣೆ ಡಬ್ಬಿ ಬೇರೆ. ಮಿಲ್ಲಿನ ಹದಿನೈದು ಕೆಜಿ ಡಬ್ಬಿಗೆ ಬಾಯಿ ಕೊರೆದು ಹುಂಡಿ ಮಾಡಿದ್ದೆವು. ಅದು ನಡೆದಾಗ ಡೊಂಯ್ ಎನ್ನುತ್ತಿತ್ತು, ಓಡಿದಾಗ ಮದುವೆ ಬ್ಯಾಂಡಿನ ಹಾಗೆ ಬಾರಿಸುತ್ತಿತ್ತು.

ದಾರಿಯಲ್ಲಿ ನಮಗೆ ದೊಡ್ಡ ಅಪಾಯ ಲಾರಿಗಳದ್ದಲ್ಲ, ಒಳ್ಳೆಯ ಜನರದ್ದು. ಉರುಳಿ ಬಂದ ಚೆಂಡನ್ನು ಎತ್ತಿ ಕೊಡದೆ ಇರುವ ಮನುಷ್ಯ ನಮ್ಮ ಕಡೆ ಇಲ್ಲ. ಹಿರೇಹಳ್ಳಿಯಲ್ಲಿ ಟೀ ಅಂಗಡಿ ಮುಂದೆ ಕೂತಿದ್ದ ಒಬ್ಬ ಹಿರಿಯರು ಪಾಪ ಬಗ್ಗಿ ಕೈ ಚಾಚಿದರು. ಹನ್ನೆರಡೂ ಜನ ಒಟ್ಟಿಗೆ, “ಮುಟ್ಟಬ್ಯಾಡ್ರೀ!” ಎಂದು ಕಿರುಚಿದೆವು. ಅವರು ಬಾಂಬ್ ಎಂದುಕೊಂಡು ಬೆಂಚಿನ ಮೇಲಿಂದ ಹಿಂದಕ್ಕೆ ಹಾರಿದರು. ಟೀ ಚೆಲ್ಲಿತು. ನಾವು ಅವರಿಗೆ ಬೇರೆ ಟೀ ಕೊಡಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ವಿಷಯ ಹೇಳಿದೆವು. ಅವರು ಎದೆ ಸವರಿಕೊಂಡು ಡಬ್ಬಿಗೆ ಹತ್ತು ರೂಪಾಯಿ ಹಾಕಿದರು. “ಇಷ್ಟು ಹೆದರ್ಸಿ ದುಡ್ಡು ಇಸ್ಗಳ್ಳೋರ್ನ ನಾನು ಎಲ್ಲೂ ನೋಡಿಲ್ಲ ಬಿಡ್ರಪ್ಪಾ,” ಎಂದರು.

ಹಿರೇಹಳ್ಳಿ ದಾಟಿದ ಮೇಲೆ ಒಂದು ಕಣದಲ್ಲಿ ಹೆಂಗಸರು ಬಳ್ಳಿಯಿಂದ ಕಡ್ಲೆಕಾಯಿ ಬಿಡಿಸುತ್ತಿದ್ದರು. ನನ್ನ ಡಬ್ಬಿ ಸದ್ದು ಕೇಳಿ ನಗಲು ಶುರು ಮಾಡಿದರು. “ಯಾವ ನಾಟಕದ ಕಂಪನಿಯಪ್ಪಾ ನಿಮ್ದು?” ಎಂದು ಒಬ್ಬಾಕೆ ಕೇಳಿದಳು. ನಾನೂ ಸೊಂಟ ಕುಣಿಸಿ ಇನ್ನೊಂದು ಸಲ ಬಾರಿಸಿದೆ. ಯಾತಕ್ಕೆ ದುಡ್ಡು ಎಂದು ಕೇಳಿದಾಗ ತಿಪ್ಪೇಶ ಹೇಳಿದ. ನಗು ನಿಂತುಹೋಯಿತು. ಹಲ್ಲಿಲ್ಲದ ಒಬ್ಬ ಮುದುಕಿ ಎದ್ದು ಬಂದಳು. “ನಮ್ಮಕ್ಕಂಗೂ ಹಿಂಗೇ ಗಂಟ್ಲಾಗೆ ಆಗಿತ್ತು. ಆವಾಗ ಅದ್ಕೊಂದು ಹೆಸ್ರೈತೆ ಅಂತ್ಲೂ ನಮಗೆ ಗೊತ್ತಿರ್ಲಿಲ್ಲ,” ಎಂದು, ಆ ದಿನದ ಕೂಲಿಗೆಂದು ಅಳೆದು ಕೊಟ್ಟಿದ್ದ ಕಡ್ಲೆಕಾಯಿಯನ್ನೆಲ್ಲ ಸೆರಗಿನಿಂದ ನನ್ನ ಚೀಲಕ್ಕೆ ಸುರಿದಳು. ಬೇಡ ಅನ್ನಲು ಬಾಯಿ ತೆರೆದೆ. ನನ್ನ ಬಾಯಿ ಯಾವತ್ತೂ ಬೇಗ ತೆರೆಯುತ್ತದೆ. ಅವತ್ತು ಅದು ತೆರೆಯುವಷ್ಟರಲ್ಲಿ ಅವಳು ಕಣಕ್ಕೆ ತಿರುಗಿ ಹೋಗಿ ಕೂತಿದ್ದಳು.

ತಳಕಿನ ಶಾಲೆಯ ಜಗುಲಿಯಲ್ಲಿ ತಂಗಿದೆವು. ಊರಿನವರು ಮುದ್ದೆ, ಹುರುಳಿ ಸಾರು ಕಳಿಸಿದ್ದರು. ನಾನು ಮೂರು ಮುದ್ದೆ ಇಳಿಸಿದೆ. ಮಧ್ಯಾಹ್ನದಿಂದ ಕಾಲು ಎಳೆಯುತ್ತಿದ್ದವನು ನೀನೇ ಏನೋ ಎಂದು ರಫೀಕ್ ಕೇಳಿದ. ಕಾಲು ಬೇರೆ, ಹೊಟ್ಟೆ ಬೇರೆ ಇಲಾಖೆ ಎಂದೆ. ಚೆಂಡಿನ ಸುತ್ತ ಇಟ್ಟಿಗೆ ಜೋಡಿಸಿ ಕಾವಲು ಕೂತೆವು.

ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ಹೊರಟಾಗ ಬಾಯಿಂದ ಹೊಗೆ ಬರುವಷ್ಟು ಚಳಿ. ಒಂದೆರಡು ಗಂಟೆ ನಡೆದ ಮೇಲೆ ರಸ್ತೆ ಬದಿಯ ಕೈಬೋರಿನಲ್ಲಿ ನೀರು ಕುಡಿದೆವು. ಸೂರ್ಯ ಮೇಲೆ ಬಂದಾಗ ಎರಡೂ ಕಡೆ ಹುಲ್ಲುಗಾವಲು ಹೊಂಬಣ್ಣಕ್ಕೆ ತಿರುಗಿತು. ನಾನು ಈ ಸೀಮೆಯಲ್ಲೇ ಹುಟ್ಟಿದವನು. ಆದರೂ ಬಸ್ಸಿನ ಕಿಟಕಿಯಲ್ಲಿ ನೋಡಿದ್ದಾಗ ಇದನ್ನು ಬರೀ ಖಾಲಿ ಜಾಗ ಎಂದುಕೊಂಡಿದ್ದೆ. ಕಾಲ ಕೆಳಗೆ ಬಂದಾಗ ಅದು ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಥರದ ಹುಲ್ಲು, ಎಷ್ಟು ಹಕ್ಕಿ ಎಂದು ಗೊತ್ತಾಗಿ ಸುಮ್ಮನಾದೆ. ನಾನು ಸುಮ್ಮನಾದದ್ದು ನೋಡಿ ಜ್ವರ ಬಂತೇನೋ ಎಂದು ಒಬ್ಬ ಹಣೆ ಮುಟ್ಟಿ ನೋಡಿದ.

ಕೊಂಡ್ಲಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ನನ್ನ ಸರದಿ. ತಿಪ್ಪೇಶನಿಗೆ ಕೊಡಲು ಒದ್ದ ಚೆಂಡು ಗಾಳಿಗೆ ಸಿಕ್ಕಿ, ರಸ್ತೆ ಬಿಟ್ಟು, ಜಾಲಿ ಮುಳ್ಳಿನ ಬೇಲಿ ಹಾರಿ ಒಂದು ದೊಡ್ಡ ರೊಪ್ಪದೊಳಗೆ ಬಿತ್ತು. ಓಡಿ ಹೋಗಿ ನೋಡಿದರೆ ಒಳಗೆ ನೂರಾರು ದನ. ದೇವರ ಎತ್ತುಗಳು. ನಮ್ಮ ಕಡೆ ಇವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ದೇವರಿಗೆ ಬಿಟ್ಟವು, ದೇವರಂತೆಯೇ ನೋಡಿಕೊಳ್ಳುತ್ತಾರೆ. ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಚಪ್ಪಲಿ ಮೆಟ್ಟಿ ಆ ರೊಪ್ಪದೊಳಗೆ ಯಾರೂ ಕಾಲಿಡುವಂತಿಲ್ಲ. ಹೇಳಿಸಿಕೊಳ್ಳುವ ಮುಂಚೆಯೇ ಹನ್ನೆರಡೂ ಜನ ಬೂಟು ಬಿಚ್ಚಿದೆವು.

ಕಂಬಳಿ ಹೊದ್ದ ಕಿಲಾರಿ ಓಬಯ್ಯ ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಬರಿಗಾಲು. ಆ ಪಾದಗಳನ್ನು ನೋಡಿದರೆ ಯಾವತ್ತೂ ಚಪ್ಪಲಿಯ ಪರಿಚಯ ಇಲ್ಲ ಎಂದು ತಿಳಿಯುತ್ತಿತ್ತು.

“ಅದು ತೊಗಲಿಂದೇನಪ್ಪಾ?” ಎಂದು ಚೆಂಡು ತೋರಿಸಿ ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ದೇವರ ದನದ ನಡುವೆ ದನದ ತೊಗಲು ಒದ್ದು ಹಾಕಿದ್ದೇವೆ. ಒದ್ದವನು ನಾನು. ಕೊಂಡ್ಲಹಳ್ಳಿಯಿಂದ ಜನ ಬಂದು ನನ್ನನ್ನು ಯಾವ ಮರಕ್ಕೆ ಕಟ್ಟಬಹುದು ಎಂದು ಸುತ್ತ ನೋಡಿದೆ. ಮರವೇ ಇರಲಿಲ್ಲ, ಅಷ್ಟು ಸಮಾಧಾನ.

“ಹೌದ್ರಿ, ತೊಗಲೇ,” ಎಂದ ತಿಪ್ಪೇಶ. “ತಪ್ಪಾತು.”

ಓಬಯ್ಯ ದನಗಳ ಕಡೆ ತಿರುಗಿದರು. “ತೊಗಲಾದ್ರೇನು, ಇವ್ರ ಕಡೇದೇ ಅಲ್ವಾ. ಮನೇಗೆ ಬಂದೈತೆ. ನೋಡ್ಲಿ ಬಿಡು.”

ತಿಪ್ಪೇಶ ನಮ್ಮ ಕಥೆ, ಅವ್ವನ ಕಥೆ, ಕೈ ಮುಟ್ಟದ ಕರಾರು ಎಲ್ಲ ಹೇಳಿದ. ಓಬಯ್ಯ ತಲೆ ಆಡಿಸಿದರು. “ಹಂಗಾದ್ರೆ ನಾನೂ ಕೈ ಹಾಕಲ್ಲ. ಇವ್ರ ಮುಂದೆ ಅದನ್ನ ಕಾಲಾಗೆ ಒದೆಯೋಕೂ ಆಗಲ್ಲ. ಕಾಯ್ರಿ. ಅವ್ರೇ ಏನಾನಾ ಮಾಡ್ತಾರೆ.”

ಕಾದೆವು. ಮೇಯಲು ಬಿಡುವ ಹೊತ್ತು ಬಂತು. ಓಬಯ್ಯ ಬಾಗಿಲ ಮುಳ್ಳು ಸರಿಸಿ, ತೆಲುಗಿನಲ್ಲಿ, “ರಾ ನಾಯನಾ, ರಾ,” ಎಂದು ಕರೆದರು. ಮಗುವನ್ನು ಕರೆದ ಹಾಗಿತ್ತು. ಒಂದು ಬಿಳಿ ಹೋರಿ ಗುಂಪಿನಿಂದ ಎದ್ದು ಬಂತು. ನನ್ನ ಎತ್ತರಕ್ಕೆ ಅದರ ಭುಜದ ಮೇಲಿನ ಹಿಣಿಲು. ಚೆಂಡಿನ ಹತ್ತಿರ ಬಂದು ಮೂಸಿತು. ಆಮೇಲೆ ನೆಕ್ಕಿತು, ನಮ್ಮ ಎರಡು ದಿನದ ಬೆವರಿನ ಉಪ್ಪು ಅದರಲ್ಲಿತ್ತೋ ಏನೋ. ನೆಕ್ಕುತ್ತಾ ನೆಕ್ಕುತ್ತಾ ಮೂತಿಯಲ್ಲಿ ತಳ್ಳಿತು. ಚೆಂಡು ಒಂದು ಮಾರು ಉರುಳಿತು. ಹೋರಿ ಹಿಂದೆ ಹೋಯಿತು, ಮತ್ತೆ ನೆಕ್ಕಿತು, ಮತ್ತೆ ತಳ್ಳಿತು. ಹಿಂದೆ ನೂರಾರು ದನ ಸದ್ದಿಲ್ಲದೆ ನಿಂತು ನೋಡುತ್ತಿದ್ದವು. ನಾವು ಬಾಗಿಲ ಹೊರಗೆ ಬರಿಗಾಲಲ್ಲಿ ನಿಂತಿದ್ದೆವು. ರಫೀಕ್ ಮೆಲ್ಲಗೆ “ಯಾ ಅಲ್ಲಾ” ಎಂದ. ಎಷ್ಟು ಪಂದ್ಯ ನೋಡಿದ್ದೇನೆ. ಅದಕ್ಕಿಂತ ಚೆನ್ನಾಗಿ ಚೆಂಡು ನಡೆಸಿದವರನ್ನು ಇವತ್ತಿಗೂ ನೋಡಿಲ್ಲ.

ಬಾಗಿಲಿಗೆ ಬಂದ ಹೋರಿ ಕೊನೆಯ ಸಲ ಮೂತಿ ಎತ್ತಿ ಜೋರಾಗಿ ನೂಕಿತು. ಚೆಂಡು ಹೊರಗಿನ ಕಲ್ಲಿಗೆ ಬಡಿದು ಪುಟಿದು, ಸೀದಾ ನನ್ನ ಬಲಗಡೆಗೆ, ಎದೆ ಎತ್ತರಕ್ಕೆ ಬಂತು.

ನಾನು ಹಾರಿದೆ. ಎರಡೂ ಕೈ ಚಾಚಿ, ಮೈ ಪೂರ್ತಿ ಗಾಳಿಯಲ್ಲಿ ಅಡ್ಡಲಾಗಿ, ಚೆಂಡನ್ನು ಎದೆಗೆ ಅವಚಿಕೊಂಡು, ಬೆನ್ನಿನ ಡಬ್ಬಿ ಸಮೇತ ಡಬಾರ್ ಎಂದು ಬಿದ್ದೆ. ಬಿಡಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅಷ್ಟು ಚೆನ್ನಾಗಿ ಹಿಡಿದಿದ್ದೆ. ಚಪ್ಪಾಳೆ ಯಾಕೆ ಇಲ್ಲ ಎಂದು ತಲೆ ಎತ್ತಿ ನೋಡಿದೆ. ತಿಪ್ಪೇಶನ ಮುಖ ಕಾಣಿಸಿತು. ಆಗ ನನ್ನ ಕೈಯಲ್ಲಿ ಏನಿದೆ ಎಂದು ಗೊತ್ತಾಯಿತು.

ತಿಪ್ಪೇಶ ರಸ್ತೆ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

“ಯಾರು ನೋಡಿದ್ರು?” ಎಂದ ರಫೀಕ್. “ನಾವು ಹನ್ನೆರಡು ಜನ, ಈ ಯಜಮಾನ್ರು. ಶೆಟ್ರು ಮೊಳಕಾಲ್ಮೂರಲ್ಲಿರ್ತಾರೆ.”

“ಹೌದು ಕಣೋ,” ಎಂದು ನಾನು ಅವನ ಮಾತಿಗೆ ಗಬಕ್ಕನೆ ಜೋತುಬಿದ್ದೆ. “ನನ್ನ ಕೈನ ಕೈ ಅಂತ ಯಾರಾದ್ರೂ ಅಂತಾರಾ? ಮೂರು ವರ್ಷದಿಂದ ನೀವೇ ತೂತು ಜರಡಿ ಅಂತಿದ್ರಿ.”

“ಲೇ ಮಂಜ,” ಎಂದ ತಿಪ್ಪೇಶ, ತಲೆ ಎತ್ತದೆ. “ಸುಳ್ಳು ಹಾಸಿ ಅದ್ರ ಮೇಲೆ ನಮ್ಮವ್ವನ್ನ ಮಲಗ್ಸ್ಲೇನೋ?”

ದನಗಳನ್ನು ಹೊರಗೆ ಬಿಟ್ಟ ಓಬಯ್ಯ ನಮ್ಮ ಹತ್ತಿರ ಬಂದರು. “ನಮ್ಮ ಮನ್ತನದಾಗೆ ದೇವ್ರಿಗೆ ಅಂತ ನಡೆಯೋವಾಗ ಏನಾನಾ ತಪ್ಪಾದ್ರೆ, ಹಿಂದೆ ಎಲ್ಲಿ ನೀರು ಕುಡಿದಿದ್ವೋ ಅಲ್ಲಿಗೆ ತಿರುಗಿ ಹೋಗ್ತೀವಿ. ಅಲ್ಲಿಂದ ಮತ್ತೆ ಬರ್ತೀವಿ. ಮನೆಗೆ ಹೋಗಿ ಕುಂತ್ಕಳಲ್ಲ, ಮುಂದಕ್ಕೂ ಹೋಗಲ್ಲ,” ಎಂದರು. “ನೀವೆಲ್ಲಿ ಕುಡಿದ್ರಿ?”

ಕೈಬೋರು ಐದು ಕಿಲೋಮೀಟರು ಹಿಂದೆ ಇತ್ತು. ಹೋಗಿ ಬಂದರೆ ಹತ್ತು. ಆಗಲೇ ಹತ್ತು ಗಂಟೆ, ಪಂದ್ಯ ನಾಲ್ಕಕ್ಕೆ. ತಿಪ್ಪೇಶ ಎದ್ದ. ನಾನು ಚೆಂಡನ್ನು ನೆಲಕ್ಕಿಟ್ಟೆ. ಅವನು ಅದನ್ನು ಬಂದ ದಾರಿಯ ಕಡೆಗೆ ತಿರುಗಿಸಿ ಒದ್ದ. ನಾವೂ ಅವನ ಹಿಂದೆ ಹೊರಟೆವು.

ಆ ಹತ್ತು ಕಿಲೋಮೀಟರನ್ನು ನಾನು ಕೈ ಕಟ್ಟಿಕೊಂಡು ನಡೆದೆ. ಸುಮ್ಮನೆ ಹೇಳುತ್ತಿಲ್ಲ. ಡಬ್ಬಿಯನ್ನು ಬೇರೆಯವನ ಬೆನ್ನಿಗೆ ಕೊಟ್ಟು, ಟವೆಲಿನಲ್ಲಿ ಎರಡೂ ಕೈ ಬೆನ್ನಹಿಂದೆ ಕಟ್ಟು ಎಂದು ನಾನೇ ರಫೀಕನನ್ನು ಬೇಡಿಕೊಂಡೆ. ಕೈಬೋರಿನಲ್ಲಿ ಇನ್ನೊಬ್ಬ ನನ್ನ ಬಾಯಿಗೆ ನೀರು ಬಿಟ್ಟ. ಕೊಂಡ್ಲಹಳ್ಳಿಯಲ್ಲಿ ಬೆಳಿಗ್ಗೆ ನೋಡಿದ್ದ ಜನವೇ ನಮ್ಮನ್ನು ಮತ್ತೆ ಎರಡು ಸಲ ನೋಡಿದರು. ಒಬ್ಬಾಕೆ, “ಕಳ್ಳ ಸಿಕ್ಕನೇನ್ರಪ್ಪಾ?” ಎಂದು ನನ್ನನ್ನು ತೋರಿಸಿ ಕೇಳಿದಳು. ಹೌದು ಎಂದರು ನಮ್ಮವರು.

ರೊಪ್ಪದ ಹತ್ತಿರ ಎರಡನೆಯ ಸಲ ಬಂದಾಗ ಅದು ಖಾಲಿಯಿತ್ತು. ನಾವು ಮತ್ತೆ ಬೂಟು ಬಿಚ್ಚಿ ದಾಟಿದೆವು. ಆಮೇಲೆ ಬಿಸಿಲು, ಡಾಂಬರು, ಗುಳ್ಳೆ. ಮಧ್ಯಾಹ್ನಕ್ಕೆ ಆ ಮುದುಕಿಯ ಕಡ್ಲೆಕಾಯಿಯೇ ನಮಗೆ ಊಟ. ನಾಲ್ಕು ಗಂಟೆ ದಾರಿಯಲ್ಲೇ ದಾಟಿಹೋಯಿತು. ಜನ ಕಾದು ಎದ್ದು ಹೋಗಿರುತ್ತಾರೆ, ಶೆಟ್ಟರು ಕಾರು ಹತ್ತಿರುತ್ತಾರೆ ಎಂದುಕೊಂಡೇ ನಡೆದೆವು.

ಮೊಳಕಾಲ್ಮೂರಿನ ಬಂಡೆ ಬೆಟ್ಟ ಕಣ್ಣಿಗೆ ಬಿದ್ದಾಗ ರಸ್ತೆಯಲ್ಲಿ ಎದುರಿಗೆ ಒಂದು ಗುಂಪು ಬರುತ್ತಿತ್ತು. ಹಸಿರು ಬನಿಯನ್ನು. ನಾವು ಆಡಬೇಕಿದ್ದ ತಂಡವೇ ನಮ್ಮನ್ನು ಹುಡುಕಿಕೊಂಡು ಎರಡು ಕಿಲೋಮೀಟರು ಬಂದಿತ್ತು. ಒಬ್ಬರೂ ಚೆಂಡಿಗೆ ಕೈ ಹಾಕಲಿಲ್ಲ, ಕಾಲೂ ಹಾಕಲಿಲ್ಲ. ರಸ್ತೆಯ ಎರಡೂ ಬದಿ ಸಾಲಾಗಿ ನಿಂತು, ಲಾರಿಗಳನ್ನು ಪಕ್ಕಕ್ಕೆ ಸರಿಸುತ್ತಾ ನಮ್ಮ ಜೊತೆ ನಡೆದರು. ಊರೊಳಗೆ ಬಂದಾಗ ಸೀರೆ ಮಗ್ಗಗಳ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲುತ್ತಾ ಹೋಯಿತು. ನೇಕಾರರು ಬಾಗಿಲಿಗೆ ಬಂದರು. ಕಿರುಚಾಟವಿಲ್ಲ, ಶಿಳ್ಳೆಯಿಲ್ಲ. ಚೆಂಡು ಮುಂದೆ ಹಾದುಹೋದ ಹಾಗೆ ಒಬ್ಬೊಬ್ಬರೇ ಹಿಂದೆ ಸೇರಿಕೊಂಡರು. ಮೈದಾನದಲ್ಲಿ ಒಬ್ಬರೂ ಎದ್ದು ಹೋಗಿರಲಿಲ್ಲ.

ಶೆಟ್ಟರು ಗೆರೆಯಾಚೆ ಕುರ್ಚಿಯಲ್ಲಿ ಕೂತಿದ್ದರು. ಅವರು ಕೇಳುವ ಮುಂಚೆಯೇ ನಾನು ಮುಂದೆ ಹೋದೆ. ಕೈ ಇನ್ನೂ ಬೆನ್ನಹಿಂದೆ ಕಟ್ಟಿಯೇ ಇತ್ತು.

“ಶೆಟ್ರೇ, ಕೈ ತಾಗ್ತು. ನಂದೇ. ಎರಡೂ ಕೈ.”

ನಡೆದದ್ದೆಲ್ಲ ಹೇಳಿದೆ. ಯಾವುದನ್ನೂ ದೊಡ್ಡದು ಮಾಡದೆ ನಾನು ಹೇಳಿದ ಮೊದಲ ಕಥೆ ಅದೇ ಇರಬೇಕು. ಶೆಟ್ಟರು ಕಣ್ಣು ಮುಚ್ಚಿ ಕೇಳಿದರು.

“ಚಳ್ಳಕೆರೆಯಿಂದ ಆ ರೊಪ್ಪದ ತನಕ ಕಾಲಾಗೇ ಬಂತಾ?”

“ಬಂತು.”

“ತಾಗಿದ ಮ್ಯಾಲೆ, ಹಿಂದಕ್ಕೆ ಹೆಂಗೆ ಹೋತು?”

“ಕಾಲಾಗೇ.”

“ಅಲ್ಲಿಂದ ಇಲ್ಲಿಗೆ?”

“ಕಾಲಾಗೇ ಶೆಟ್ರೇ.”

“ಹಂಗಾದ್ರೆ ಕೈಯಾಗೆ ಒಂದು ಗೇಣೂ ಬಂದಿಲ್ಲ. ನಾನು ಕೇಳಿದ್ದು ಐವತ್ತು ಕಿಲೋಮೀಟರು. ನೀವು ಅರವತ್ತು ತೂಗಿದೀರಿ,” ಎಂದರು. ಆಮೇಲೆ ಎದ್ದು ತಿಪ್ಪೇಶನ ಹತ್ತಿರ ಹೋಗಿ, ಅವನ ಭುಜ ಹಿಡಿದುಕೊಂಡು, “ಇವತ್ತೇ ಫೋನ್ ಮಾಡಿಸ್ತೀನಿ ಹೋಗು,” ಎಂದರು.

ಬೆಳಕು ಹೋಗುವ ತನಕ ಅರ್ಧ ಗಂಟೆ ಆಡಿದೆವು. ನನ್ನ ಕೈ ಬಿಚ್ಚಿದರು. ಮೂರು ಗೋಲು ಬಿಟ್ಟೆ.

ಸೋಮವಾರ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ತಿಪ್ಪೇಶ ಛತ್ರಕ್ಕೆ ಫೋನು ಮಾಡಿದ. ಅವ್ವನನ್ನು ಕರೆಸಿದರು. ಅವಳ ಗಂಟಲಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡು, “ಮನೆ ಆತವ್ವಾ. ಇವತ್ತಿಂದ ಒಳಗೆ ಮಲಗ್ಬೌದು. ಹ್ಞೂಂ. ಉಂಡೆ. ಹ್ಞೂಂ,” ಎಂದ. ಆಮೇಲೆ ತುಂಬ ಹೊತ್ತು ಬರೀ ಕೇಳಿಸಿಕೊಂಡ. ರಿಸೀವರು ಇಟ್ಟು ಹೊರಗೆ ಬಂದು ನಿಂತ.

“ಏನಂದ್ಲು ಅವ್ವ?” ಎಂದೆ.

“ಜಗುಲಿ ಮ್ಯಾಲೆ ಪಕ್ಕದಾಗೆ ಗೌರಸಮುದ್ರದ ಕಡೇಯಾಕೆ ಒಬ್ಬಾಕೆ ಮಲಗ್ತಾಳಂತೆ. ಸಣ್ಣ ವಯಸ್ಸಿನಾಕೆ. ಚಳಿಗೆ ರಾತ್ರಿಯೆಲ್ಲ ನಡುಗ್ತಾಳಂತೆ. ಮೊದ್ಲ ಹಾಸಿಗೆ ಆಕೀಗೆ ಕೊಡ್ಸು, ನನಗೆ ಆಮ್ಯಾಲೆ ನೋಡಾನ ಅಂದ್ಲು. ಅಷ್ಟೆಯ.”

ಬಸ್ಸು ಬಂತು. ಹನ್ನೆರಡು ಟಿಕೆಟ್ಟು ತೆಗೆದುಕೊಂಡು ಹಿಂದಿನ ಸಾಲುಗಳಲ್ಲಿ ಕೂತೆವು. ಬಸ್ಸು ಊರು ಬಿಟ್ಟ ಮೇಲೆ ನಾನು ತಿಪ್ಪೇಶನನ್ನು ಕೇಳಿದೆ, “ಆಕೆ ಹೆಸರೇನಂತೆ?”

“ಕೇಳ್ಲಿಲ್ಲ ಕಣ್ಲೇ. ಅವ್ವಂಗೂ ಗೊತ್ತಿದ್ದಂಗಿಲ್ಲ.”

ನಾನು ಹಿಂದಿನ ಗಾಜಿಗೆ ಮುಖ ಒತ್ತಿದೆ. ಬಂಡೆ ಬೆಟ್ಟ ಸಣ್ಣದಾಗುತ್ತಾ, ಧೂಳಿನಲ್ಲಿ ಒಂದು ತಿರುವಿಗೆ ಮರೆಯಾಯಿತು.